ಆಚೆ ದಡಕ್ಕೆ ಹೋಗುವ ಸೌಟು

ಆ ಊರಿನಲ್ಲಿ ಎದುರು ಸಿಕ್ಕವರನ್ನು ಯಾರೂ ‘ಊಟ ಆಯ್ತಾ’ ಅಂತ ಕೇಳುತ್ತಿರಲಿಲ್ಲ. ‘ಸೌಟು ಬಂತಾ’ ಅಂತ ಕೇಳುತ್ತಿದ್ದರು. ಬಂತು ಅಂದರೆ ಊಟವಾಯಿತು ಎಂದು ತಿಳಿಯಬೇಕು. ಇನ್ನೂ ಇಲ್ಲ ಅಂದರೆ ಕೇಳಿದವನೂ ಹೇಳಿದವನೂ ನದಿಯ ಕಡೆ ತಿರುಗಿ, ಬಾಯಿ ಅರ್ಧ ತೆರೆದು, ಹುಟ್ಟು ನೀರಿಗೆ ಬೀಳುವ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಅಲ್ಲಿನ ಬಾಗಿಲುಗಳೆಲ್ಲ ನದಿಗೆ ಮುಖ ಮಾಡಿದ್ದವು. ನಾಯಿಗಳು ಕೂಡ ನದಿಗೆ ಮುಖ ಮಾಡಿಯೇ ಮಲಗುತ್ತಿದ್ದವು.

ನದಿಯ ಮೇಲೆ ಯಾವ ಕಾಲಕ್ಕೂ ಮಂಜು. ಆಚೆ ದಡವನ್ನು ಕಂಡವನು ಊರಿಗೆಲ್ಲ ಒಬ್ಬನೇ, ಸೌಟಿನವನು. ಉಳಿದವರಿಗೆ ಆಚೆ ದಡ ಅಂದರೆ ಒಂದು ಸದ್ದು. ಹರಿಗೋಲಿನ ಹುಟ್ಟು ಚಪ್ ಚಪ್ ಅಂದರೆ ಸೌಟು ಬರುತ್ತಿದೆ. ದೊಡ್ಡ ದೋಣಿಯ ಹುಟ್ಟುಗಳು ಧಡ್ ಧಡ್ ಅಂದರೆ ಕಾಳು ಬರುತ್ತಿದೆ. ಏನೂ ಕೇಳದಿದ್ದರೆ ಏನೂ ಬರುತ್ತಿಲ್ಲ.

ಹಿಂದೆ ಹೀಗಿರಲಿಲ್ಲ. ಒಂದು ವರ್ಷ ನದಿಯ ಮೇಲಿನ ಮಂಜು ದಡ ಹತ್ತಿ ಬಂದು ಹೊಲಗಳ ಮೇಲೆ ಕೂತುಬಿಟ್ಟಿತು. ಪೈರು ಬಿಸಿಲು ಕಾಣದೆ ನಿಂತಲ್ಲೇ ಕೊಳೆಯಿತು. ಜನ ಮಣ್ಣು ತಿನ್ನುವ ಹೊತ್ತಿಗೆ ಆಚೆ ದಡದಿಂದ ದೋಣಿ ಬಂತು. ದೋಣಿಯಲ್ಲಿ ಬಿಳಿ ಕಾಳಿತ್ತು, ಊರಿಗೆಲ್ಲ ಸಾಲುವ ಒಂದು ತಾಮ್ರದ ಕೊಪ್ಪರಿಗೆ ಇತ್ತು, ಮುಚ್ಚಳವಿರುವ ಒಂದು ಸೌಟಿತ್ತು. ಅವುಗಳ ಜೊತೆಗೆ ಒಂದು ನಿಯಮವಿತ್ತು. ಕಾಳು ಕೊಟ್ಟವರ ನಾಲಿಗೆ ಒಪ್ಪಿದ ಮೇಲೆಯೇ ತಿನ್ನುವವರು ತಿನ್ನಬೇಕು.

ಹಸಿದವರು ನಿಯಮದ ಜೊತೆ ವಾದಕ್ಕೆ ಕೂರುವುದಿಲ್ಲ. ಆ ದಿನ ಎಲ್ಲರೂ ಹೂಂ ಅಂದರು. ಆಮೇಲೆ ಹೊಲದ ಮೇಲಿನ ಮಂಜು ಎದ್ದು ಹೋಯಿತು. ನಿಯಮ ಏಳಲಿಲ್ಲ. ಹೊಲಗಳು ಹಾಗೇ ಬಿದ್ದಿದ್ದವು, ಯಾಕೆಂದರೆ ಬಿತ್ತುವ ಹೊತ್ತಿನಲ್ಲಿ ಊರೆಲ್ಲ ದಡದಲ್ಲಿ ನಿಂತಿರುತ್ತಿತ್ತು.

ದಿನವೂ ನಡೆಯುತ್ತಿದ್ದುದು ಇಷ್ಟು. ಬೆಳಿಗ್ಗೆ ಅಡುಗೆಯವಳು ಊರ ನಡುವಿನ ಒಲೆ ಹೊತ್ತಿಸುತ್ತಿದ್ದಳು. ಕಾಳು ಎಲ್ಲರದು, ಆದ್ದರಿಂದ ಒಲೆಯೂ ಒಂದೇ. ಮನೆಗಳ ಒಲೆಯಲ್ಲಿ ಬೆಕ್ಕು ಮಲಗಿರುತ್ತಿತ್ತು. ಗಂಜಿ ಬೆಂದ ಮೇಲೆ ಅವಳು ಕೊಪ್ಪರಿಗೆಯ ಅಂಚಿಗೆ ಸೌಟನ್ನು ಬಡಿಯುತ್ತಿದ್ದಳು. ಜನ ಬಟ್ಟಲು ಹಿಡಿದು ಸಾಲಾಗಿ ಕೂರುತ್ತಿದ್ದರು. ಅವಳು ಸೌಟನ್ನು ತುಂಬಿ, ಮುಚ್ಚಳ ಮುಚ್ಚಿ, ಒದ್ದೆ ಬಟ್ಟೆ ಕಟ್ಟಿ, ಎರಡೂ ಕೈಯಿಂದ ಸೌಟಿನವನಿಗೆ ಕೊಡುತ್ತಿದ್ದಳು. ಹರಿಗೋಲು ಮಂಜಿನೊಳಗೆ ಹೋಗುತ್ತಿತ್ತು. ಜನ ಕಾಯುತ್ತಿದ್ದರು. ಹರಿಗೋಲು ಮಂಜಿನಿಂದ ಬರುತ್ತಿತ್ತು. ಸೌಟಿನವನು ದಡದ ಕಲ್ಲು ಹತ್ತಿ, ಕಣ್ಣು ಮುಚ್ಚಿ, ತನ್ನದಲ್ಲದ ದನಿಯಲ್ಲಿ ಹೇಳುತ್ತಿದ್ದ.

“ಗಟ್ಟಿಯಾಯಿತು. ನೀರು ಬೆರೆಸಿ.”

ಇಲ್ಲವೇ, “ಉಪ್ಪು ಹೆಚ್ಚಾಯಿತು. ನೀರು ಬೆರೆಸಿ.”

ನದಿ ದಾಟುವಷ್ಟರಲ್ಲಿ ಗಂಜಿ ಆರಿರುತ್ತಿತ್ತು. ಆರಿದ ಗಂಜಿ ಗಟ್ಟಿಯಾಗುತ್ತದೆ, ಅದರಲ್ಲಿ ಉಪ್ಪು ಮುಂದಾಗಿ ಬರುತ್ತದೆ. ಇದು ಆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಸೌಟಿನವನು ಮಾತು ತರುತ್ತಿದ್ದ, ಒಯ್ಯುತ್ತಿರಲಿಲ್ಲ. ಹಾಗಾಗಿ ನೀರು ಬೆರೆಸುತ್ತಿದ್ದರು. ಸೌಟು ಮತ್ತೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. “ಆಗಬಹುದು” ಅನ್ನುವ ಮಾತು ಬಂದ ಮೇಲೆ ತಣ್ಣಗಿನ ಗಂಜಿನೀರನ್ನು ಜನ ಕೈ ಮುಗಿದು ಕುಡಿಯುತ್ತಿದ್ದರು.

ಮೊದಲು ಅಡುಗೆಯವಳ ತಾಯಿ ಆ ಒಲೆ ನೋಡಿಕೊಳ್ಳುತ್ತಿದ್ದಳು. ಅವಳ ಕಾಲದಲ್ಲಿ ಸೌಟು ಹೊತ್ತು ಮುಳುಗುವ ತನಕ ಓಡಾಡುತ್ತಿತ್ತು. ತಾಯಿ ಸತ್ತು ಒಲೆ ಮಗಳ ಕೈಗೆ ಬಂದಾಗ ಅವಳೊಂದು ಉಪಾಯ ಮಾಡಿದಳು. ಮೊದಲೇ ನೀರಾಗಿ, ಮೊದಲೇ ಸಪ್ಪೆಯಾಗಿ ಬೇಯಿಸಿದರೆ ಆಚೆ ತಲುಪುವ ಹೊತ್ತಿಗೆ ಅವರಿಗೆ ಹಿತವಾಗಿರುತ್ತದೆ. ಹಾಗೇ ಆಯಿತು. ಸೌಟು ಒಂದೇ ಸಲಕ್ಕೆ ಒಪ್ಪಿಗೆ ತಂದಿತು. ಮರುದಿನವೂ ತಂದಿತು. ಊರು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಅವಳು ಬೀದಿಯಲ್ಲಿ ಹೋದರೆ ಮುದುಕರು ಎದ್ದು ನಿಲ್ಲುತ್ತಿದ್ದರು. ಆ ಗಂಜಿ ಊರಿನವರ ಬಾಯಲ್ಲಿ ಹೇಗಿರುತ್ತದೆ ಎಂದು ಅವಳೂ ನೋಡಲಿಲ್ಲ, ಯಾರೂ ಕೇಳಲಿಲ್ಲ. ಬೇಗ ಸಿಕ್ಕಿದ ನೀರೇ ಊಟ ಎಂದು ಊರು ಒಪ್ಪಿಕೊಂಡಿತ್ತು.

ಹೀಗಿರುವಾಗ ಅಡುಗೆಯವಳ ಮಗಳು ಹೆತ್ತಳು. ಹೆಣ್ಣು ಕೂಸು. ತಾಯಿಯ ಬೆರಳನ್ನು ಹಿಡಿಯುವಷ್ಟು ಕಸುವು ಅದರ ಮುಷ್ಟಿಯಲ್ಲಿರಲಿಲ್ಲ. ಹಗಲೆಲ್ಲ ಅಳುತ್ತಿತ್ತು. ಅಳಿಯ ದಡದಲ್ಲಿ ಕಾಯುವವರ ಜೊತೆ ಕಾಯುತ್ತಿದ್ದ.

“ಅವ್ವ, ಹಾಲು ಬರ್ತಿಲ್ಲ,” ಅಂದಳು ಮಗಳು.

“ಬರುತ್ತೆ ಸುಮ್ನಿರು. ಮೊದಲ ಹೆರಿಗೆ ಹಂಗೇ.”

“ನಾನು ಹುಟ್ಟಿದಾಗ ಮಂಜು ಇನ್ನೂ ಊರಿಗೆ ಬಂದಿರಲಿಲ್ಲ ಅಲ್ವಾ? ಆಗ ನಿನಗೆ ಅಜ್ಜಿ ಏನ್ ಕೊಡ್ತಿದ್ಲು?”

ಅಡುಗೆಯವಳು ಮರೆತ ಹೆಸರುಗಳನ್ನು ಒಂದೊಂದಾಗಿ ಎಳೆದು ತಂದಳು. “ಗಟ್ಟಿ ಗಂಜಿ. ಮೆಣಸು. ಬೆಳ್ಳುಳ್ಳಿ. ನುಗ್ಗೆ ಸೊಪ್ಪು.”

“ನುಗ್ಗೆ ಮರ ಹಿತ್ತಿಲಲ್ಲಿ ಹಂಗೇ ಉದುರಿ ಬೀಳ್ತಿದೆ.”

“ಬೀಳ್ತದೆ. ಆಚೆಯವರ ನಾಲಿಗೆಗೆ ಅದರ ಪರಿಚಯ ಇಲ್ಲ.”

“ಉಪ್ಪು ಎಷ್ಟು ಹಾಕ್ತಿದ್ಲು ಅಜ್ಜಿ?”

“ನಾಲಿಗೆ ಕೇಳಿದಷ್ಟು.”

“ಮತ್ತೆ ಹಾಕು.”

“ಯಾರ ನಾಲಿಗೇನ ಕೇಳ್ಲೇ?” ಅಂದಳು ಅಡುಗೆಯವಳು. ತಮಾಷೆಗೆ ಅಂದದ್ದಲ್ಲ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಅವಳ ನಾಲಿಗೆ ನದಿಯ ಆಚೆ ಇತ್ತು.

ಮಗಳು ಮಗ್ಗುಲಾದಳು. “ನೀನು ಸೌಟಿಗೆ ಅಡುಗೆ ಮಾಡ್ತೀಯ ಅವ್ವ. ಒಂದು ದಿನವಾದ್ರೂ ಬಾಯಿಗೆ ಮಾಡು.”

ಮರುದಿನ ಬೆಳಿಗ್ಗೆ ಅಡುಗೆಯವಳು ಸೆರಗಿನ ತುಂಬ ನುಗ್ಗೆ ಸೊಪ್ಪು ಕುಯ್ದು ತಂದಳು. ಹಾಳುಬಿದ್ದ ತೋಟದ ಬಳ್ಳಿಯಲ್ಲಿ ಒಂದಿಷ್ಟು ಮೆಣಸು ಸಿಕ್ಕಿತು, ಬೇಲಿ ಬದಿಯಲ್ಲಿ ಬೆಳ್ಳುಳ್ಳಿ. ಎಲ್ಲವನ್ನೂ ಕೊಪ್ಪರಿಗೆಗೆ ಹಾಕಿ ಗಟ್ಟಿಯಾಗಿ ಕುದಿಸಿದಳು. ಊರಿನ ಮೇಲೆ ಒಂದು ವಾಸನೆ ಎದ್ದಿತು. ಜನ ಸಾಲಿನಲ್ಲಿ ಕೂತಲ್ಲೇ ಚಡಪಡಿಸಿದರು. ಒಬ್ಬ ಮುದುಕನಿಗೆ ಯಾಕೆ ಎಂದು ತಿಳಿಯದೆ ಕಣ್ಣಲ್ಲಿ ನೀರು ಬಂತು. ಅವನು ಹೆದರಿ ಮೂಗು ಮುಚ್ಚಿಕೊಂಡ.

ಸೌಟು ಹೋಯಿತು. ಬಂತು.

“ಇದೇನು ಹಸಿರು?” ಅಂದ ಸೌಟಿನವನು ಕಲ್ಲಿನ ಮೇಲೆ ಕಣ್ಣು ಮುಚ್ಚಿ. ಆಮೇಲೆ ಕಣ್ಣು ಬಿಟ್ಟು ತನ್ನ ದನಿಯಲ್ಲಿ, “ನನ್ನ ಬೈಬೇಡ ಅಕ್ಕ. ನಾನು ಬರೀ ಬಾಯಿ,” ಅಂದ.

ಹಸಿರು ತೆಗೆದಳು. ಸೌಟು ಹೋಯಿತು. “ನಾಲಿಗೆ ಉರಿಯುತ್ತಿದೆ.” ನೀರು ಬೆರೆಸಿದಳು. ಸೌಟು ಹೋಯಿತು. “ಇನ್ನೂ ಉರಿಯುತ್ತಿದೆ.” ಹೊತ್ತು ನೆತ್ತಿಗೇರಿತು, ಇಳಿಯಿತು. ಸಾಲಿನಲ್ಲಿ ಕೂತವರ ಕಣ್ಣುಗಳು ನದಿಯಿಂದ ನಿಧಾನವಾಗಿ ಅವಳ ಕಡೆ ತಿರುಗಿದವು.

“ಏನಮ್ಮ, ನಿನ್ನ ಮಗಳ ಬಾಣಂತನಕ್ಕೆ ನಾವೆಲ್ಲ ಉಪವಾಸ ಇರಬೇಕಾ?”

“ಸೊಕ್ಕು. ಒಂದೇ ಸಲಕ್ಕೆ ಗೆಲ್ತಿದ್ದ ಸೊಕ್ಕು.”

“ಅವರಿಗೆ ಕೋಪ ಬಂದ್ರೆ ದೋಣಿ ನಿಲ್ಲುತ್ತೆ. ಆಗ ನಿನ್ನ ಸೊಪ್ಪು ತಿಂದು ಬದುಕ್ತೀವಾ?”

ಅಡುಗೆಯವಳು ಕೊಪ್ಪರಿಗೆಯ ಪಕ್ಕ ನಿಂತಿದ್ದಳು. ಒಂದು ಬಟ್ಟಲು ಎತ್ತಿ ಮಗಳಿಗೆ ಒಯ್ದಿದ್ದರೆ ಆಗುತ್ತಿತ್ತು. ಮನೆ ಕೂಗಳತೆಯಲ್ಲಿತ್ತು. ಅವಳ ಕೈ ಕೊಪ್ಪರಿಗೆಯ ಅಂಚಿನ ತನಕ ಹೋಗಿ ನಿಂತಿತು. ಕಟ್ಟಿದವರು ಯಾರೂ ಇರಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ. ಇಂಥ ಕಟ್ಟು ಎಲ್ಲಕ್ಕಿಂತ ಕೆಟ್ಟದ್ದು; ಬಿಚ್ಚೋಣವೆಂದರೆ ಗಂಟೇ ಸಿಗುವುದಿಲ್ಲ. ಕತ್ತಲಾಗುವ ಮುಂಚೆ ಒಪ್ಪಿಗೆ ಬಂತು. ಅಷ್ಟು ಹೊತ್ತಿಗೆ ಕೊಪ್ಪರಿಗೆಯಲ್ಲಿ ನದಿಯೇ ಇತ್ತು. ಮನೆಗೆ ಹೋದಾಗ ಕೂಸು ಇನ್ನೂ ಅಳುತ್ತಿತ್ತು.

ಆದದ್ದಕ್ಕೆ ಆಚೆ ದಡದವರು ಕೋಪ ಮಾಡಿಕೊಳ್ಳಲಿಲ್ಲ. ಅದಕ್ಕಿಂತ ದೊಡ್ಡದು ನಡೆಯಿತು. ಅವರೇ ಬಂದರು.

ಊರು ಮೊದಲ ಸಲ ರುಚಿ ನೋಡುವವರನ್ನು ಕಂಡಿತು. ಬಿಳಿ ಕೊಡೆ ಹಿಡಿದಿದ್ದರು. ಕಾಲಿಗೆ ಮಣ್ಣು ತಾಗಬಾರದೆಂದು ಊರಿನವರು ಹಾಸಿದ ಚಾಪೆಯ ಮೇಲೆ ನಡೆದರು. ಮೆತ್ತಗೆ ನಗುತ್ತಿದ್ದರು, ಸ್ವಲ್ಪ ನೊಂದವರ ಹಾಗೆಯೂ ಇದ್ದರು. ಅವರಲ್ಲಿ ಹಿರಿಯನು ದಡದ ಕಲ್ಲಿನ ಮೇಲೆ ನಿಂತು ಹೇಳಿದ.

“ನಾವು ತಪ್ಪು ಮಾಡುತ್ತಿದ್ದೆವು ಅನ್ನಿಸಿದೆ. ಗಂಜಿ ನಿಮ್ಮದು, ಬಾಯಿ ನಿಮ್ಮದು. ನಾಲಿಗೆ ನಮ್ಮದು ಯಾಕೆ? ಇನ್ನು ಮೇಲೆ ಸೌಟು ನಿಮ್ಮ ಹತ್ತಿರವೇ ಇರಲಿ. ರುಚಿ ನೀವೇ ನೋಡಿ.”

ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ತಟ್ಟುತ್ತಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಗು ಮುಚ್ಚಿಕೊಂಡಿದ್ದ ಮುದುಕ ಎದ್ದು ನಿಂತ.

“ಸ್ವಾಮಿ, ದೋಣಿ ಬರುತ್ತಾ?”

“ಬಾರದೆ ಏನು? ಬಂದೇ ಬರುತ್ತದೆ.”

“ಸೌಟು ಕಳಿಸದಿದ್ರೂ?”

“ನಿಮಗೆ ಯಾವತ್ತಾದರೂ ಮನಸ್ಸು ಬಂದರೆ ಒಂದು ಸೌಟು ಕಳಿಸಿ. ಸುಮ್ಮನೆ ನೋಡುವುದಕ್ಕೆ. ಬಲವಂತ ಇಲ್ಲ.”

ಮುದುಕ ಕೂತ. ಬಲವಂತವಿದ್ದಾಗ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು.

ಬಂದವರಲ್ಲಿ ಒಬ್ಬ ಹೆಂಗಸು ಗುಂಪು ಬಿಟ್ಟು ಒಲೆಯ ಹತ್ತಿರ ಬಂದಳು. ಕೊಡೆ ಮಡಚಿ ಕೊಪ್ಪರಿಗೆಯೊಳಗೆ ಇಣುಕಿದಳು. ಹಬೆ ಅವಳ ಮುಖಕ್ಕೆ ಹೊಡೆಯಿತು. ಅವಳು ಹಿಂದೆ ಸರಿಯಲಿಲ್ಲ.

“ಬಿಸಿ ಇದ್ದಾಗ ಇದು ಹೇಗಿರುತ್ತದೆ ಅಮ್ಮ? ನಾನು ಯಾವತ್ತೂ ಬಿಸಿಯಾಗಿ ಕುಡಿದಿಲ್ಲ.”

ಎಷ್ಟೋ ವರ್ಷಗಳಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅದಕ್ಕೆ ಉತ್ತರ ಹೇಳಿದ್ದರೆ ಎಲ್ಲವನ್ನೂ ಹೇಳಿದಂತಾಗುತ್ತಿತ್ತು. ನದಿಯ ದೂರ, ಆರುವ ಗಂಜಿ, ಬೆರೆಸಿದ ನೀರು, ಮಗಳ ಒಣಗಿದ ಎದೆ, ಎಲ್ಲವೂ ಆ ಒಂದು ಉತ್ತರದ ಹಿಂದೆ ಸಾಲಾಗಿ ನಿಂತಿದ್ದವು. ಅಡುಗೆಯವಳು ಬಾಯಿ ತೆರೆದಳು. ಬಾಯಿಗೆ ರೂಢಿಯಾದದ್ದೇ ಬಂತು.

“ನಿಮಗೆ ಹೇಗೆ ಬೇಕೋ ಹಂಗಿರುತ್ತೆ ತಾಯಿ.”

ಹೆಂಗಸು ತಲೆಯಾಡಿಸಿದಳು, ಕೊಡೆ ಬಿಚ್ಚಿ ಹೊರಟುಹೋದಳು. ಅಡುಗೆಯವಳು ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿ, ಸೆರಗನ್ನು ಕಚ್ಚಿಕೊಂಡು ನಿಂತಳು.

ಸೌಟು ಊರಿನ ಕೈಗೆ ಬಂತು. ಊರಿಗೆ ಎಷ್ಟು ಕೈ ಇದ್ದರೂ ಅದನ್ನು ಹಿಡಿದದ್ದು ದೊಡ್ಡಮನೆಯವನ ಕೈ. ಕಾಳು ಅವನ ಜಗಲಿಯಲ್ಲಿ ರಾಶಿ ಬೀಳುತ್ತಿತ್ತು, ಅವನ ಮನೆಗೆ ಮಾಳಿಗೆ ಇತ್ತು, ಮಾತಾಡುವಾಗ ಅವನು ಕೆಮ್ಮುತ್ತಿದ್ದ ಮತ್ತು ಜನ ಕೆಮ್ಮು ಮುಗಿಯುವ ತನಕ ಕಾಯುತ್ತಿದ್ದರು. ಇಷ್ಟು ಸಾಕಾಗಿತ್ತು.

“ಊರ ಪರವಾಗಿ ನಾನು ರುಚಿ ನೋಡ್ತೀನಿ,” ಅಂದ. “ನೀವು ನೆಮ್ಮದಿಯಾಗಿರಿ.”

ಮೊದಲ ದಿನ ಅಡುಗೆಯವಳು ಬಿಸಿಬಿಸಿ ಗಂಜಿಯ ಸೌಟನ್ನು ಅವನ ಮುಂದೆ ಹಿಡಿದಳು. ದೊಡ್ಡಮನೆಯವನು ಒಂದು ಹನಿ ನಾಲಿಗೆಗೆ ಹಾಕಿ ಬೆಚ್ಚಿಬಿದ್ದ.

“ಇದು ಹಂಗಿಲ್ವಲ್ಲ.”

“ಹೆಂಗೆ?”

“ಅವರು ನೋಡ್ತಿದ್ದ ಹಂಗಿಲ್ಲ. ಅವರು ನೋಡೋವಾಗ ಇದು ಆರಿರ್ತಿತ್ತು. ಇದರ ಮೇಲೆ ನಾನು ಏನಂತ ಹೇಳ್ಲಿ? ಎಲ್ಲಿ, ಸೌಟಿನವನ್ನ ಕರೀರಿ.”

ಸೌಟಿನವನು ಬಂದ. ದೊಡ್ಡಮನೆಯವನು ಅವನಿಗೆ ಅಪ್ಪಣೆ ಕೊಟ್ಟ. ಸೌಟನ್ನು ಮುಚ್ಚಿ, ಬಟ್ಟೆ ಕಟ್ಟಿ, ಹರಿಗೋಲಿನಲ್ಲಿ ಇಟ್ಟುಕೊಂಡು ನಡುನದಿಯ ತನಕ ಹೋಗಬೇಕು. ಅಲ್ಲಿ ಆಚೆ ದಡ ಮುಟ್ಟಿ ಬರುವಷ್ಟು ಹೊತ್ತು ಸುತ್ತು ಹಾಕಬೇಕು. ಆಮೇಲೆ ಈಚೆ ದಡಕ್ಕೇ ಬರಬೇಕು. ಆಗ ತಾನು ರುಚಿ ನೋಡುತ್ತೇನೆ.

“ಯಾಕೆ ಯಜಮಾನ್ರೇ?” ಅಂದ ಸೌಟಿನವನು. “ಇಲ್ಲೇ ಮರದ ಕೆಳಗೆ ಇಟ್ರೂ ಆರುತ್ತಲ್ಲ.”

“ನದಿ ದಾಟದ ರುಚಿ ಒಂದು ರುಚಿನಾ?”

ಹರಿಗೋಲು ನಡುನದಿಯಲ್ಲಿ ಗರಗರ ಸುತ್ತಿತು. ಆಚೆಗೂ ಹೋಗಲಿಲ್ಲ, ಈಚೆಗೂ ಬರಲಿಲ್ಲ. ದಡದಲ್ಲಿ ಜನ ಬಾಯಿ ಅರ್ಧ ತೆರೆದು ಕೇಳುತ್ತ ನಿಂತರು. ಬಂದ ಮೇಲೆ ದೊಡ್ಡಮನೆಯವನು ಕಲ್ಲು ಹತ್ತಿ, ಕಣ್ಣು ಮುಚ್ಚಿ, ಆಚೆ ದಡದ ದನಿಯಲ್ಲಿ ಹೇಳಿದ. “ಗಟ್ಟಿಯಾಯಿತು. ನೀರು ಬೆರೆಸಿ.”

ಸ್ವಂತ ತೀರ್ಮಾನ ಅಂದರೆ ಆ ಊರಿಗೆ ಗೊತ್ತಿದ್ದುದು ಇಷ್ಟೇ. ಮೊದಲು ಆಚೆಯವರು ಹೇಳುತ್ತಿದ್ದರು, ಇವರು ನೀರು ಹಾಕುತ್ತಿದ್ದರು. ಈಗ ಆಚೆಯವರು ಏನು ಹೇಳಬಹುದು ಎಂದು ಇವರೇ ಊಹಿಸಿ, ಇವರೇ ಹೆದರಿ, ಇವರೇ ಹೆಚ್ಚಿಗೆ ನೀರು ಹಾಕುತ್ತಿದ್ದರು. ಒಮ್ಮೆ ಕಾಳಿನ ದೋಣಿ ತಡವಾಯಿತು. ಗಾಳಿಗೆ ತಡವಾಗಿರಬಹುದು. ದೊಡ್ಡಮನೆಯವನು ಮಾತ್ರ, ಮೊನ್ನೆಯ ಗಂಜಿ ಅವರಿಗೆ ಹಿಡಿಸಲಿಲ್ಲ ಎಂದು ಸಾರಿದ. ಅವರು ಆ ಗಂಜಿಯನ್ನು ನೋಡಿಯೇ ಇರಲಿಲ್ಲ. ಆದರೂ ಊರು ನಡುಗಿತು. ಅಂದಿನಿಂದ ಉಪ್ಪನ್ನೇ ಬಿಟ್ಟರು.

ಇನ್ನೊಂದೂ ನಡೆಯುತ್ತಿತ್ತು. ಎಲ್ಲರ ಬಟ್ಟಲಿಗೆ ಮೇಲಿನ ನೀರು ಬಡಿಸಿದ ಮೇಲೆ ಕೊಪ್ಪರಿಗೆಯ ತಳದಲ್ಲಿ ಬೆಂದ ಕಾಳು ನಿಲ್ಲುತ್ತಿತ್ತು. ಕೊಪ್ಪರಿಗೆಯನ್ನು ತೊಳೆಯುವುದಕ್ಕೆಂದು ದೊಡ್ಡಮನೆಗೆ ಒಯ್ಯುತ್ತಿದ್ದರು. ಅದು ಬಹಳ ಚೊಕ್ಕಟವಾಗಿ ವಾಪಸು ಬರುತ್ತಿತ್ತು. ಅಡುಗೆಯವಳು ಇದನ್ನು ನೋಡುತ್ತಿದ್ದಳು. ಒಂದು ದಿನ ಸೌಟಿನವನಿಗೆ ಹೇಳಿದಳು.

“ಮೊದಲು ಒಂದೇ ದಡ ಇತ್ತು ಕಣಪ್ಪ ಹೆದರೋದಕ್ಕೆ. ಈಗ ಎರಡೂ.”

“ನನಗೆ ಮೂರು ದಡ, ಅಕ್ಕ,” ಅಂದ ಅವನು. “ನಡುನದಿಲಿ ಸುತ್ತಿ ಸುತ್ತಿ ತಲೆ ತಿರುಗಿ, ಈಗ ಮನೇಲಿ ಮಲಗಿದ್ರೂ ಮಂಚ ತಿರುಗುತ್ತೆ.”

ಅವಳು ನಗಲಿಲ್ಲ. ಅವಳ ಕಿವಿ ಮನೆಯ ಕಡೆ ಇತ್ತು. ಕೂಸಿನ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಮೊದಲು ಬೀದಿಯ ತುದಿಗೆ ಕೇಳುತ್ತಿತ್ತು. ಆಮೇಲೆ ಅಂಗಳಕ್ಕೆ. ಆಮೇಲೆ ಹೊಸಿಲಿನ ತನಕ. ಒಂದು ಬೆಳಿಗ್ಗೆ ಅವಳು ಒಲೆ ಹೊತ್ತಿಸಲು ಹೊರಟಾಗ ಮಗಳು ಅವಳ ಸೆರಗು ಹಿಡಿದಳು.

“ಅವ್ವ, ಅಳೋದು ನಿಲ್ಲಿಸಿಬಿಟ್ಟಿದೆ.”

ಅಡುಗೆಯವಳು ಬಗ್ಗಿ ನೋಡಿದಳು. ಕೂಸಿನ ಕಣ್ಣು ತೆರೆದಿತ್ತು. ಬಾಯಿ ಅರ್ಧ ತೆರೆದಿತ್ತು. ಅದು ನದಿಯ ಕಡೆ ಮುಖ ಮಾಡಿ, ದಡದಲ್ಲಿ ನಿಲ್ಲುವ ಊರಿನ ದೊಡ್ಡವರ ಹಾಗೆಯೇ, ಸುಮ್ಮನೆ ಕಾಯುತ್ತ ಮಲಗಿತ್ತು.

ಅವಳು ಹಿತ್ತಿಲಿಗೆ ಹೋಗಿ ನುಗ್ಗೆಯ ರೆಂಬೆಯನ್ನೇ ಮುರಿದುಕೊಂಡು ಬಂದಳು.

ಅವತ್ತು ಕಾಳಿನ ದೋಣಿ ಬರುವ ದಿನ. ಮಂಜಿನೊಳಗಿಂದ ಧಡ್ ಧಡ್ ಎಂದು ದೂರದಲ್ಲಿ ಕೇಳುತ್ತಿತ್ತು. ಅಂಥ ದಿನ ದೊಡ್ಡಮನೆಯವನು ಸೌಟನ್ನು ನಿಜವಾಗಿಯೂ ಆಚೆ ದಡದ ತನಕ ಕಳಿಸುತ್ತಿದ್ದ. ಆಚೆಯವರು ಬೇಡ ಅಂದಿರಲಿಲ್ಲ, ಬೇಕು ಅಂತಲೂ ಅಂದಿರಲಿಲ್ಲ. ಕಳಿಸುವುದೇ ಕ್ಷೇಮ ಎಂದು ಅವನ ಲೆಕ್ಕ. ಅವನು ಶಲ್ಯ ಹೊದ್ದು ಕಲ್ಲಿನ ಹತ್ತಿರ ನಿಂತಿದ್ದ. ಒಲೆಯ ಕಡೆಯಿಂದ ವಾಸನೆ ಎದ್ದಾಗ ಅವನ ಕೆಮ್ಮು ನಿಂತುಹೋಯಿತು.

“ಏನ್ ಮಾಡ್ತಿದ್ದೀಯ?”

“ಗಂಜಿ.”

“ದೋಣಿ ನಡುನದಿಗೆ ಬಂದಿದೆ. ಇವತ್ತೇ ಬೇಕಾಗಿತ್ತಾ? ಅದಕ್ಕೆ ನೀರು ಹಾಕು.”

ಅವಳು ಸೌಟನ್ನು ಕೊಪ್ಪರಿಗೆಯ ತಳದ ತನಕ ಇಳಿಸಿದಳು. ಮೇಲೆತ್ತಿದಳು. ಮುಚ್ಚಳ ಹಾಕಲಿಲ್ಲ, ಬಟ್ಟೆ ಕಟ್ಟಲಿಲ್ಲ. ಹಬೆಯಾಡುವ ಸೌಟನ್ನು ಎದೆಯ ಮುಂದೆ ಹಿಡಿದುಕೊಂಡು ನದಿಗೆ ಬೆನ್ನು ಮಾಡಿ ನಡೆದಳು. ಸೌಟು ಆ ದಿಕ್ಕಿಗೆ ಹೋಗುವುದನ್ನು ಊರು ಎಂದೂ ನೋಡಿರಲಿಲ್ಲ. ಸಾಲಿನಲ್ಲಿ ಕೂತವರು ಎದ್ದು ಹಿಂದೆಯೇ ಬಂದರು. ಯಾರೂ ಅವಳನ್ನು ಮುಟ್ಟಲಿಲ್ಲ, ಮುಟ್ಟಿದರೆ ಚೆಲ್ಲುತ್ತದೆ.

“ನಿಂತ್ಕೋ,” ಅಂದ ದೊಡ್ಡಮನೆಯವನು. “ಊರ ಹೊಟ್ಟೆ ಮೇಲೆ ಹೊಡೀತಿದ್ದೀಯ.”

“ಊರಿಗೆ ಹೊಟ್ಟೆ ಇದೆ ಅಂತ ನೆನಪಾಯ್ತಾ ನಿಮಗೆ?”

“ರುಚಿ ನೋಡೋದಕ್ಕೆ ನಾನಿದ್ದೀನಿ.”

“ನೀವು ತುಂಬಿದ ಹೊಟ್ಟೇಲಿ ನೋಡ್ತೀರಿ ಯಜಮಾನ್ರೇ. ಅವರೂ ಹಂಗೇ ನೋಡಿದ್ರು. ಹಸಿದ ಬಾಯಿ ಏನನ್ನುತ್ತೆ ಅಂತ ಒಂದು ಸಲ ಕೇಳೋಣ.”

ಅವಳು ಮನೆಯ ಒಳಗೆ ಹೋದಳು. ಬಾಗಿಲಲ್ಲಿ, ಕಿಟಕಿಯಲ್ಲಿ ತಲೆಗಳು ತುಂಬಿಕೊಂಡವು. ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ, ಊದಿ ಊದಿ, ಸೌಟನ್ನು ಅವಳ ತುಟಿಗೆ ಹಿಡಿದಳು.

ಬಾಣಂತಿ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಊರೆಲ್ಲ ನದಿಯ ದಡದಲ್ಲಿ ನಿಂತು ಕಾಯುವ ಹಾಗೆಯೇ ಕಾಯಿತು. ನದಿಯ ಬದಲು ಅಲ್ಲಿ ಒಂದು ಹೆಣ್ಣಿನ ಮುಖವಿತ್ತು, ಆ ಮುಖ ಕಾಣುತ್ತಿತ್ತು.

ಅವಳು ಕಣ್ಣು ಬಿಟ್ಟಳು. “ಉಪ್ಪು ಸಾಲದು ಅವ್ವ,” ಅಂದಳು.

ಕಿಟಕಿಯಲ್ಲಿದ್ದ ಮುದುಕನ ಬಾಯಿಂದ ಒಂದು ವಿಚಿತ್ರ ಸದ್ದು ಬಂತು. ಸಾಲದು ಅನ್ನುವ ಮಾತನ್ನು ಆ ಊರು ಕೇಳಿ ಬಹಳ ಕಾಲವಾಗಿತ್ತು. ಹೆಚ್ಚಾಯಿತು ಎಂಬುದನ್ನು ಮಾತ್ರ ಕೇಳುತ್ತ ಬಂದಿತ್ತು.

ಅಡುಗೆಯವಳು ಸೌಟನ್ನು ಮಗಳ ಕೈಗೆ ಕೊಟ್ಟು ಒಲೆಗೆ ಓಡಿದಳು. ಹಿಡಿ ಉಪ್ಪು ಹಾಕಿ ಕಲಕಿದಳು. ಒಂದು ಬಟ್ಟಲು ಬಡಿಸಿ ತಂದಳು. ಮಗಳು ಅದನ್ನು ಕುಡಿದಳು, ಇನ್ನೊಂದು ಬೇಕು ಅಂದಳು. ಬಟ್ಟಲಿನ ಮೇಲೆ ನಿಂತ ತಿಳಿಯಲ್ಲಿ ಅಡುಗೆಯವಳು ಬೆರಳದ್ದಿ ಕೂಸಿನ ತುಟಿಗೆ ಸವರಿದಳು. ತುಟಿ ಅಲುಗಲಿಲ್ಲ. ಮತ್ತೆ ಸವರಿದಳು.

ಹೊರಗೆ ಒಲೆಯ ಸುತ್ತ ಗದ್ದಲ ಶುರುವಾಗಿತ್ತು. ಬಡಿಸುವವರು ಯಾರೂ ಇಲ್ಲದೆ ಜನ ತಾವೇ ಬಟ್ಟಲು ಅದ್ದಿಕೊಂಡಿದ್ದರು. ಬಿಸಿ ಗಂಜಿ ಬಾಯಿ ಸುಟ್ಟಿತು. ಕೆಲವರಿಗೆ ಏನೂ ತಿಳಿಯಲಿಲ್ಲ, ಅಭ್ಯಾಸದಿಂದ ನದಿಯ ಕಡೆ ನೋಡಿದರು. ಕೆಲವರಿಗೆ ತಿಳಿಯಿತು.

“ಖಾರ ಜಾಸ್ತಿ.”

“ಎಲ್ಲಿ ಜಾಸ್ತಿ? ನಿನ್ನ ಬಾಯಿ ಸತ್ತಿದೆ.”

“ನನಗೆ ಸೊಪ್ಪು ಬೇಡ ಕಣಯ್ಯ, ನಾರು ನಾರು.”

“ಮಕ್ಕಳಿಗೆ ಬೇರೆ ತೆಗೀರಿ, ಮೆಣಸು ಹಾಕೋಕೆ ಮುಂಚೆ.”

“ಆ ತಳದ್ದನ್ನ ಕೆದಕ್ರೋ. ತಳದಲ್ಲಿ ಕಾಳಿದೆ. ಇಷ್ಟು ದಿನ ಎಲ್ಲಿ ಹೋಗ್ತಿತ್ತು ಇದು?”

ಕೊನೆಯ ಪ್ರಶ್ನೆಗೆ ಕೆಲವರು ದೊಡ್ಡಮನೆಯವನ ಕಡೆ ತಿರುಗಿದರು. ಅವನು ಬೇಗಬೇಗ ಕೆಮ್ಮಿದ. ಈ ಸಲ ಯಾರೂ ಕೆಮ್ಮು ಮುಗಿಯುವುದಕ್ಕೆ ಕಾಯಲಿಲ್ಲ. ಅಡುಗೆಯವಳು ಹೊರಗೆ ಬಂದಾಗ ಅವನು ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

“ನೋಡಿದ್ಯಾ? ಜಗಳ. ಇದಕ್ಕೇ ನಾನು ಸೌಟು ಹಿಡಿದದ್ದು.”

“ಜಗಳ ಆಡ್ಲಿ,” ಅಂದಳು ಅವಳು. “ಬಿಸಿ ಇದ್ದಾಗಲೇ ಆಡ್ಲಿ.”

ಆಗ ಊರಿಗೆ ಒಂದು ಸಂಗತಿ ಗೊತ್ತಾಯಿತು. ಧಡ್ ಧಡ್ ನಿಂತಿತ್ತು. ಕಾಳಿನ ದೋಣಿ ಮಂಜಿನೊಳಗೆ ಎಲ್ಲೋ ನಿಂತುಬಿಟ್ಟಿತ್ತು. ಬರಬೇಕಾದ ಸೌಟಿಗಾಗಿ ಕಾಯುತ್ತಿತ್ತೋ, ಗಾಳಿಗೆ ನಿಂತಿತ್ತೋ ಯಾರು ಬಲ್ಲರು. ಜಗಳ ಒಂದೊಂದೇ ಬಾಯಲ್ಲಿ ಆರಿತು. ಬಟ್ಟಲುಗಳು ಅರ್ಧಕ್ಕೆ ನಿಂತವು. ಜಗಲಿಯ ರಾಶಿಯಲ್ಲಿ ಕಾಳು ಹೆಚ್ಚು ಉಳಿದಿರಲಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೆ ನೆನಪಾಯಿತು.

ಸೌಟಿನವನು ಅಡುಗೆಯವಳ ಮುಂದೆ ಬಂದು ನಿಂತ. ಅವನ ಮೀಸೆಗೆ ಗಂಜಿ ಅಂಟಿತ್ತು. ಇಷ್ಟು ವರ್ಷ ಸೌಟು ಹೊತ್ತವನು ಅವತ್ತು ಅದರಲ್ಲಿದ್ದದ್ದನ್ನು ಮೊದಲ ಸಲ ಬಿಸಿಯಾಗಿ ತಿಂದಿದ್ದ.

“ಅಕ್ಕ, ಹೋಗಬೇಕು. ಹೋಗದಿದ್ರೆ ಏನಾಗುತ್ತೋ. ಏನ್ ತಗೊಂಡು ಹೋಗ್ಲಿ?”

ಅವಳು ಒಳಗೆ ಹೋಗಿ ಮಗಳ ಮಡಿಲಿನಿಂದ ಸೌಟನ್ನು ತಂದಳು. ಮಗಳು ಅದನ್ನು ಬೆರಳಿನಿಂದ ಬಳಿದು ನೆಕ್ಕಿದ್ದಳು. ತಾಮ್ರ ಹೊಳೆಯುತ್ತಿತ್ತು. ಅದನ್ನೇ ಅವನ ಕೈಗೆ ಕೊಟ್ಟಳು. ಎರಡೂ ಕೈಯಿಂದ ಕೊಡಲಿಲ್ಲ, ಒಂದೇ ಕೈಯಿಂದ ಕೊಟ್ಟಳು.

“ಇದು ಖಾಲಿ ಇದೆಯಲ್ಲ. ಏನಂತ ಹೇಳ್ಲಿ?”

“ರುಚಿ ನೋಡಿ ಆಯ್ತು ಅನ್ನು.”

“ಅಷ್ಟೇನಾ?”

ಅವಳು ಮಂಜನ್ನು ನೋಡಿದಳು. ಕೊಡೆ ಮಡಚಿ ಹಬೆಯಲ್ಲಿ ಮುಖ ಹಿಡಿದ ಹೆಂಗಸು ನೆನಪಾದಳು.

“ಅಲ್ಲಿ ಒಬ್ಬಳು ಕೇಳಿದ್ಲು, ಬಿಸಿ ಇದ್ದಾಗ ಹೇಗಿರುತ್ತೆ ಅಂತ. ಅವತ್ತು ನಾನು ಸುಳ್ಳು ಹೇಳ್ದೆ. ಅವಳಿಗೆ ಹೇಳು, ಬಂದು ನಮ್ಮ ಜೊತೆ ಸಾಲಲ್ಲಿ ಕೂತು ಕುಡೀಲಿ. ಅವಳೂ ಜಗಳ ಆಡ್ಲಿ ಬೇಕಾದ್ರೆ. ಚಾಪೆ ಹಾಸಲ್ಲ ಅಂತಾನೂ ಹೇಳು.”

“ನಾನು ಇಲ್ಲೀತನಕ ಈ ಕಡೆಯಿಂದ ಮಾತು ಒಯ್ದವನಲ್ಲ ಅಕ್ಕ. ಬಾಯಿ ಬರುತ್ತೋ ಇಲ್ವೋ.”

“ನಿನ್ನ ದನೀಲೇ ಹೇಳು. ಬರುತ್ತೆ.”

ಅವನು ಹರಿಗೋಲು ಹತ್ತಿದ. ಚಪ್ ಚಪ್ ಎಂದು ಮಂಜಿನೊಳಗೆ ಹೋದ. ಆ ಸದ್ದು ಸಣ್ಣದಾಗಿ, ಸಣ್ಣದಾಗಿ, ಕಿವಿಗೆ ಸಿಗದಷ್ಟಾಯಿತು. ಊರೆಲ್ಲ ದಡದಲ್ಲಿ ನಿಂತು ಬಾಯಿ ಅರ್ಧ ತೆರೆಯಿತು. ದೋಣಿಯ ಹುಟ್ಟುಗಳು ಮತ್ತೆ ಬಡಿಯಲು ಶುರುಮಾಡಿದರೆ ಸದ್ದು ಹತ್ತಿರವಾಗುತ್ತದೋ ದೂರವಾಗುತ್ತದೋ ತಿಳಿಯುತ್ತಿತ್ತು. ಅದಕ್ಕೆ ಪೂರ್ತಿ ನಿಶ್ಶಬ್ದ ಬೇಕಿತ್ತು. ಜನ ಒಬ್ಬರನ್ನೊಬ್ಬರು ಸುಮ್ಮನಿರಿಸಿದ್ದರು.

ಮಂಜಿನೊಳಗೆ ಧಡ್ ಎಂದಿತು.

ಅದೇ ಗಳಿಗೆಗೆ ಅಡುಗೆಯವಳ ಮನೆಯಿಂದ ಅಳು ಎದ್ದಿತು. ಮೊದಲು ಹೊಸಿಲಿನ ತನಕ, ಆಮೇಲೆ ಅಂಗಳಕ್ಕೆ, ಆಮೇಲೆ ಬೀದಿಯ ತುದಿಗೆ. ಹಸಿವಿನ ಅಳು, ಸಿಟ್ಟಿನ ಅಳು, ಸಾಲದು ಸಾಲದು ಅನ್ನುವ ಅಳು.

“ಯಾರಾದ್ರೂ ಅದನ್ನ ಸುಮ್ಮನಿರಿಸ್ರಿ,” ಅಂದ ದೊಡ್ಡಮನೆಯವನು. “ದೋಣಿ ಬರ್ತಿದೆಯೋ ಹೋಗ್ತಿದೆಯೋ ಕೇಳಿಸ್ತಿಲ್ಲ.”

ಯಾರಿಗೂ ಕೇಳಿಸುತ್ತಿರಲಿಲ್ಲ. ಅಡುಗೆಯವಳು ಬಗ್ಗಿ ಒಲೆಗೆ ಇನ್ನೊಂದು ಕೊರಡು ನೂಕಿದಳು.